ಹದಿಮೂರನೇ ಕಟ್ಟು

“ನಂಗೆ ಈ ಹುಚ್ಚು ಹಿಡಿದಿದ್ದು ಇವತ್ತು ನಿನ್ನೆ ಅಲ್ಲಮ್ಮ. ಆಗ ಹದಿನಾರು ವರ್ಷ ನಂಗೆ. ನಮ್ಮಮ್ಮ ತರಕಾರಿ ಮೂಟೆ ಕಟ್ಟಿ ಸೈಕಲ್ ಮೇಲೆ ಇಡೋಳು, ನಾನು ದಂಡಿನ ಕಡೆ ಒಂದು ಕ್ಲಬ್ಬಿನ ಅಡುಗೆಮನೆಗೆ ತಗೊಂಡ್ಹೋಗಿ ಹಾಕ್ಬೇಕು. ಒಂದಿನ ಸಾಯಂಕಾಲ ಹುರುಳಿಕಾಯಿ ಮೂಟೆ ತಲೆ ಮೇಲಿಟ್ಕೊಂಡು ಹಿತ್ತಲ ಬಾಗ್ಲಿಂದ ಹೋಗ್ತಿದ್ದೆ. ಪಕ್ಕದ ರೂಮಲ್ಲಿ ಒಬ್ರು ವಯಸ್ಸಾದವ್ರು, ಮೇಲೆ ಸೂಟು, ಕಾಲಿಗೆ ಹವಾಯಿ ಚಪ್ಪಲಿ, ಗಿಟಾರ್ ಬಾರಿಸ್ತಾ ಕೂತಿದ್ರು. ಹಾಡು ಸೀದಾ ಹೋಗ್ತಿತ್ತಮ್ಮ, ನಮ್ಮ ಸಂಪಿಗೆ ರೋಡಲ್ಲಿ ಬಸ್ಸು ಹೋದಂಗೆ. ಇದ್ದಕ್ಕಿದ್ದಂಗೆ ಅಡ್ಡರಸ್ತೆಗೆ ತಿರುಗ್ತು. ಅಲ್ಲಿಂದ ಯಾರ್ದೋ ಕಾಂಪೌಂಡ್ ಹಾರ್ತು. ಹಿತ್ತಲಲ್ಲಿ ಸೀರೆ ಒಣಗಾಕಿದ್ರೆ ಅದ್ರ ಕೆಳಗೆ ನುಸುಳ್ತು. ಅಯ್ಯೋ, ದಾರಿ ತಪ್ತಲ್ಲಪ್ಪಾ, ಎಲ್ಲಿ ಬಿದ್ಬಿಡುತ್ತೋ ಅಂತ ನನ್ನ ಎದೆ ಡವಡವ ಅಂತಿದ್ರೆ, ಅದು ಆರಾಮಾಗಿ ಬಂದು ಅದೇ ಮೇನ್ ರೋಡಿಗೆ ಸೇರ್ಕೊಂಡ್ಬಿಡ್ತು. ಒಂದ್ ನಿಮಿಷ ಲೇಟಿಲ್ಲ! ನಾನು ಮೂಟೆ ಇಳಿಸೋದು ಮರ್ತು ನಿಂತ್ಬಿಟ್ಟೆ. ಅಡುಗೆಯವ್ನು ಬಂದು ಬಾಯಿಗೆ ಬಂದಂಗೆ ಬೈದ. ಅವತ್ತು ನಿಂತೋನು ಮೂವತ್ತೇಳು ವರ್ಷದಿಂದ ನಿಂತೇ ಇದೀನಮ್ಮ. ಮೂಟೆ ಒಂದು ಇಳಿದಿದೆ ಅಷ್ಟೆ. ಹೀರೇಕಾಯಿ ಅರ್ಧ ಕೆಜಿ ಸಾಕಾ?”

ಈ ಕಥೆ ಕೇಳದೆ ಮುನಿರಾಜನ ಅಂಗಡಿಯಲ್ಲಿ ಹೀರೇಕಾಯಿ ಕೊಂಡವರು ಮಲ್ಲೇಶ್ವರದಲ್ಲಿ ಇಲ್ಲ. ಸಂಪಿಗೆ ರಸ್ತೆಯಿಂದ ಒಳಕ್ಕೆ ತಿರುಗಿದ ಅಡ್ಡರಸ್ತೆಯಲ್ಲಿ, ಹಳೇ ಮನೆಯೊಂದರ ಕಾರ್ ಷೆಡ್ಡಿನಲ್ಲಿ ಅವನ ತರಕಾರಿ ಅಂಗಡಿ. ಮುಂದೆ ಸೊಪ್ಪಿನ ಹಲಗೆ, ನಡುವೆ ತಕ್ಕಡಿ, ಹಿಂದೆ ಈರುಳ್ಳಿ ಮೂಟೆ. ಈರುಳ್ಳಿ ಮೂಟೆಯ ಹಿಂದೆ ಗೋಡೆಗೆ ಒರಗಿಸಿದ ಗಿಟಾರ್. ಅದರ ಪಕ್ಕ ಒಂದು ಮಣೆ. ಮಣೆಯ ಮೇಲೆ ಸಾಮಾನ್ಯವಾಗಿ ಅವನ ತಾಯಿ ಮುತ್ಯಾಲಮ್ಮ. ಎಂಬತ್ತು ದಾಟಿದ ಜೀವ. ಈ ಅಂಗಡಿಯನ್ನು ತಲೆ ಮೇಲಿನ ಬುಟ್ಟಿಯಿಂದ ಶುರು ಮಾಡಿದವಳು ಅವಳೇ.

ಗುರು ಸಿಕ್ಕಿದ್ದೂ ತರಕಾರಿಯ ದೆಸೆಯಿಂದಲೇ. ಬದರೀನಾರಾಯಣ ಎಂಬವರು ಬ್ಯಾಂಕಿನಿಂದ ನಿವೃತ್ತರಾಗಿ ಅದೇ ರಸ್ತೆಯ ಕೊನೆಯ ಮನೆಯಲ್ಲಿದ್ದರು. ದಂಟಿನ ಸೊಪ್ಪು ಆರಿಸುವಾಗ ಶಿಳ್ಳೆ ಹಾಕುವುದು ಅವರ ಅಭ್ಯಾಸ. ಮೂರು ವರ್ಷದ ಹಿಂದೆ ಒಂದು ಬೆಳಿಗ್ಗೆ ಆ ಶಿಳ್ಳೆ ಹೊರಟಿತು, ನೆಟ್ಟಗೆ ನಡೆಯಿತು, ತಟಕ್ಕನೆ ತಿರುಗಿತು. ಮುನಿರಾಜ್ ತೂಗುತ್ತಿದ್ದ ಬದನೆಕಾಯಿ ಕೈಬಿಟ್ಟ.

“ಸಾರ್! ಕಾಂಪೌಂಡ್ ಹಾರಿದ್ರಿ!”

ಬದರೀನಾರಾಯಣರು ಗಾಬರಿಯಾಗಿ ತಮ್ಮ ಪಂಚೆ ನೋಡಿಕೊಂಡರು. ಮುನಿರಾಜ್ ಕ್ಲಬ್ಬಿನ ಕಥೆ ಪೂರ್ತಿ ಹೇಳಿದ ಮೇಲೆ ಅವರ ಮುಖ ಅರಳಿತು.

“ಇದಕ್ಕೆ ಜಾಝ್ ಅಂತಾರೆ ಕಣ್ರೀ. ಕಲೀತೀರಾ?”

“ಈ ವಯಸ್ಸಲ್ಲಾ ಸಾರ್?”

“ನಾನು ಹೇಳ್ಕೊಡೋಕೆ ಶುರು ಮಾಡಿರೋದೂ ಈ ವಯಸ್ಸಲ್ಲೇ. ಬನ್ನಿ.”

ಮೊದಲ ದಿನ ಅವನ ಎಡಗೈ ಹಿಡಿದು ನೋಡಿ ನಿಟ್ಟುಸಿರಿಟ್ಟರು. “ಇವು ಬೆರಳಲ್ಲ ಮುನಿರಾಜು, ಮೂಲಂಗಿ.”

“ತೊಳ್ದೇ ತಂದಿದೀನಿ ಸಾರ್,” ಅಂದ ಮುನಿರಾಜ್.

ತಾಳ ಹಿಡಿಯಲು ನಾಲ್ಕರ ತನಕ ಎಣಿಸಿ ಅಂದರೆ ಅವನು “ಲಾಭ, ಎರಡು, ಮೂರು, ನಾಕು” ಎಂದು ಎಣಿಸಿದ. ಅಳೆಯುವಾಗ ಬಾಯಲ್ಲಿ ‘ಒಂದು’ ಬರಬಾರದು, ಮೊದಲನೆಯದು ಯಾವಾಗಲೂ ಲಾಭ ಎಂದು ಮುತ್ಯಾಲಮ್ಮ ಅವನಿಗೆ ಐದನೇ ವಯಸ್ಸಿಗೇ ತಿದ್ದಿದ್ದಳು. ಬದರೀನಾರಾಯಣರು ಕನ್ನಡಕ ಒರೆಸಿಕೊಂಡು, “ಎಣಿಕೆ ಸರಿ ಇದೆ, ಇರ್ಲಿ ಬಿಡಿ,” ಅಂದರು.

ಮಧ್ಯಾಹ್ನ ಒಂದರಿಂದ ನಾಲ್ಕರವರೆಗೆ ಗಿರಾಕಿಗಳಿಗೆ ನಿದ್ದೆ, ಮುನಿರಾಜನಿಗೆ ಸಾಧನೆ. ಸ್ವರಗಳ ಗುಂಪಿನ ಹೆಸರು ಮರೆಯಬಾರದೆಂದು ದರ ಬರೆಯುವ ಹಲಗೆಯ ಕೊನೆಯಲ್ಲೇ ಸೀಮೆಸುಣ್ಣದಿಂದ ಬರೆದಿಟ್ಟುಕೊಂಡಿದ್ದ. ಬೀನ್ಸ್, ಕ್ಯಾರೆಟ್, ನವಿಲುಕೋಸು, ಅದರ ಕೆಳಗೆ ಡಿ ಮೈನರ್ ಸೆವೆನ್. ಹೊಸದಾಗಿ ಮನೆ ಮಾಡಿದ್ದ ಒಬ್ಬಾಕೆ ಕನ್ನಡಕ ಏರಿಸಿ ಓದಿ, “ಅದೂ ಒಂದು ಕಾಲ್ ಕೆಜಿ ಹಾಕಿ, ನೋಡೋಣ,” ಅಂದಿದ್ದರು.

ಹೆಂಡತಿ ಧನಲಕ್ಷ್ಮಿಗೆ ಮಾತ್ರ ಒಂದು ಅನುಮಾನ ಬಗೆಹರಿದಿರಲಿಲ್ಲ.

“ರೀ, ಮೂರು ವರ್ಷದಿಂದ ಶ್ರುತಿ ಮಾಡ್ತಾನೇ ಇದೀರಲ್ಲ, ಹಾಡು ಯಾವಾಗ ಶುರು ಮಾಡ್ತೀರಾ?”

“ಈಗ ಬಾರಿಸಿದ್ದೇ ಹಾಡು ಕಣೇ!”

“ಹೌದಾ? ಹೋಗ್ಲಿ, ಮುಗಿದಾಗ ಹೇಳಿ. ಅಕ್ಕಿ ನೆನೆಹಾಕ್ಬೇಕು.”

ಮುತ್ಯಾಲಮ್ಮ ಮಗನ ಪಕ್ಷ. “ಬಿಡೇ ತಾಯಿ. ಇಸ್ಪೀಟ್ ಆಡ್ತಾನಾ? ಇಲ್ಲ. ಕುಡೀತಾನಾ? ಇಲ್ಲ. ಕೂತ್ಕೊಂಡು ತಂತಿ ಕೆರೀತಾನೆ. ಕೆರ್ಕೊಳ್ಳಲಿ.”

ಹೀಗೆ ಕೆರೆಯುತ್ತಾ ಕೆರೆಯುತ್ತಾ ಅವನ ಕೈ ಕೂತಿತು. ಗುರುಗಳ ಮಹಡಿಯಲ್ಲಿ ಪ್ರತಿ ಗುರುವಾರ ನಾಲ್ಕು ಗಂಟೆಗೆ ನಾಲ್ಕು ಜನ ಸೇರಿ ಬಾರಿಸುವ ಮಟ್ಟಿಗೆ ಬಂದ. ಗುರುಗಳು ಒಂದು ಗಿಟಾರ್, ಮುನಿರಾಜ್ ಒಂದು. ದಪ್ಪ ತಂತಿಯ ಬೇಸ್ ಗಿಟಾರ್ ಹಿಡಿದವಳು ಶಿವರಂಜಿನಿ, ಹಲ್ಲಿನ ಡಾಕ್ಟರಿಕೆ ಓದುವ ಹುಡುಗಿ. ಮನೆಯವರು ರಾಗದ ಹೆಸರಿಟ್ಟಿದ್ದು ಶಾಸ್ತ್ರೀಯ ಸಂಗೀತ ಹಾಡಲಿ ಅಂತ. ಡ್ರಮ್ಮಿಗೆ ಸ್ವರೂಪ್, ಔಷಧಿ ಕಂಪನಿಯಲ್ಲಿ ಕೆಲಸ.

ಈ ಸಂಗೀತದಲ್ಲಿ ಒಂದು ಪದ್ಧತಿ ಇದೆ. ಎಲ್ಲರೂ ಸೇರಿ ಹಾಡು ಬಾರಿಸಿದ ಮೇಲೆ ಒಬ್ಬೊಬ್ಬರಿಗೂ ಒಂದೊಂದು ಸರದಿ. ಆ ಸರದಿಯಲ್ಲಿ ಆಗ ಮನಸ್ಸಿಗೆ ಬಂದದ್ದನ್ನು ಬಾರಿಸಬಹುದು, ಅಡ್ಡರಸ್ತೆಗಾದರೂ ತಿರುಗಬಹುದು, ಕಾಂಪೌಂಡಾದರೂ ಹಾರಬಹುದು. ಆದರೆ ಅಳತೆ ಮಾತ್ರ ಕಟ್ಟುನಿಟ್ಟು. “ನಾಲ್ಕು ಎಣಿಕೆ ಅಂದ್ರೆ ಒಂದು ಕಟ್ಟು ಸೊಪ್ಪು ಅಂದ್ಕೊಳಿ. ಅಂಥ ಹನ್ನೆರಡು ಕಟ್ಟು ನಿಮ್ದು. ಹನ್ನೆರಡು ಮುಗಿದ ತಕ್ಷಣ ಮುಂದಿನವರ ಸರದಿ,” ಎಂದು ಗುರುಗಳು ತಿಳಿಯುವ ಹಾಗೆ ಹೇಳಿದ್ದರು.

ಮುನಿರಾಜ್ ಹನ್ನೆರಡು ಬಾರಿಸುತ್ತಿದ್ದ. ಅಂದವಾಗಿ ಬಾರಿಸುತ್ತಿದ್ದ. ಬಾರಿಸಿ, ಮೇಲೆ ಹದಿಮೂರನೆಯದೊಂದು ಬಾರಿಸುತ್ತಿದ್ದ. ಅಷ್ಟರಲ್ಲಿ ತನ್ನ ಸರದಿಯೆಂದು ಶಿವರಂಜಿನಿ ನುಗ್ಗಿ, ಇಬ್ಬರೂ ಡಿಕ್ಕಿ ಹೊಡೆದು, ಸ್ವರೂಪನ ಕೋಲು ಯಾರ ಕಡೆ ಹೋಗಬೇಕೆಂದು ತಿಳಿಯದೆ ಗಾಳಿಯಲ್ಲಿ ನಿಲ್ಲುತ್ತಿತ್ತು. ಒಂದು ವಾರ, ಎರಡು ವಾರ, ಐದು ವಾರ. ಕೊನೆಗೆ ಒಂದು ಗುರುವಾರ ಬದರೀನಾರಾಯಣರು ಫೋನಿನಲ್ಲಿ ಹಿಡಿದಿಟ್ಟದ್ದನ್ನು ಕೇಳಿಸಿ, ಬೆರಳು ಮಡಿಸಿ ಎಣಿಸಿದರು.

“ಹನ್ನೊಂದು... ಹನ್ನೆರಡು... ಇದು? ಇದು ಏನು ಮುನಿರಾಜು?”

“ಇದಾ ಸಾರ್? ಇದು ಕೊಸರು.”

“ಏನಂದ್ರಿ?”

“ಕೊಸರು ಸಾರ್. ಹನ್ನೆರಡು ಅಂದ್ರೆ ಹನ್ನೆರಡೇ ಕೊಟ್ಟು ಕೈ ಮುಚ್ಕೊಂಡ್ರೆ ಏನ್ ಚೆಂದ? ಅಳತೆ ಆದ್ಮೇಲೆ ಒಂಚೂರು ಮೇಲೆ ಹಾಕಿದ್ರೇ ಅಲ್ವಾ ಗಿರಾಕಿಗೆ ಸಮಾಧಾನ?”

ಸ್ವರೂಪ್ ನಕ್ಕು ನಕ್ಕು ಡ್ರಮ್ಮಿನ ಮೇಲೇ ಬಿದ್ದ. “ಗುರುವೇ! ಅಂಕಲ್ ನಮ್ಗೆ ಇಷ್ಟು ದಿನ ಕರಿಬೇವು ಹಾಕ್ತಿದ್ರು!”

ಗುರುಗಳು ನಗಲಿಲ್ಲ. “ಇದು ಚೀಲ ಅಲ್ಲ ಮುನಿರಾಜು, ಬಸ್ಸು. ನಿಮ್ಮ ಸ್ಟಾಪಲ್ಲಿ ನೀವು ಇಳೀದೆ ಇದ್ರೆ ಹತ್ತೋರು ಹೆಂಗೆ ಹತ್ತಬೇಕು? ಈ ಭಾನುವಾರ ಬಿಟ್ಟು ಮುಂದಿನ ಭಾನುವಾರ ಬಸವನಗುಡೀಲಿ ನನ್ನ ಸ್ನೇಹಿತರ ಮನೆ ತಾರಸಿ ಮೇಲೆ ಜನರೆದುರು ಬಾರಿಸ್ತಿದೀವಿ. ಅವತ್ತು ಹದಿಮೂರನೇದು ಬಂದ್ರೆ, ಆಮೇಲೆ ನಿಮ್ಗೆ ಸರದಿ ಇಲ್ಲ. ಹಿಂದೆ ಕೂತು ನಮ್ಗೆ ತಾಳ ಹಿಡೀರಿ. ಬೇಜಾರು ಮಾಡ್ಕೋಬೇಡಿ.”

ಮುನಿರಾಜ್ ಗಿಟಾರನ್ನು ಬಗಲಿಗೇರಿಸಿಕೊಂಡು ಮಹಡಿ ಇಳಿದ. ಆ ಒಂದು ಸರದಿಗೋಸ್ಕರ ತಾನೇ ಇಷ್ಟು ವರ್ಷ ನಿಂತದ್ದು? ಮನೆಗೆ ಬಂದು ಎಷ್ಟು ಎಣಿಸಿಕೊಂಡು ಬಾರಿಸಿದರೂ ಹನ್ನೆರಡು ಮುಗಿದ ಮೇಲೆ ಕೈ ತಾನಾಗೇ ಇನ್ನೊಂದು ಹಾಕಿಬಿಡುತ್ತಿತ್ತು. ನಲವತ್ತು ವರ್ಷ ಕೊತ್ತಂಬರಿಯ ಮೇಲೆ ಕರಿಬೇವು, ಬೀನ್ಸಿನ ಮೇಲೆ ಎರಡು ಹಸಿಮೆಣಸಿನಕಾಯಿ ಹಾಕಿ ಪಳಗಿದ ಕೈ. ಬುದ್ಧಿ ಹೇಳಿದರೆ ಕೇಳುವ ಹೊಣೆ ಅದಕ್ಕೇನಿದೆ?

ರಾತ್ರಿಯೆಲ್ಲ ಹೊರಳಾಡಿ ಮುನಿರಾಜ್ ಒಂದು ಉಪಾಯ ಕಂಡುಕೊಂಡ. ರೋಗ ಅಂಗಡಿಯಲ್ಲಿ ಹುಟ್ಟಿದ್ದು, ಮದ್ದೂ ಅಲ್ಲೇ ಆಗಬೇಕು. ಬಸವನಗುಡಿಯ ಭಾನುವಾರ ಕಳೆಯುವ ತನಕ ಯಾರಿಗೂ ಕೊಸರಿಲ್ಲ.

ಶುಕ್ರವಾರ ಬೆಳಿಗ್ಗೆ ಮೊದಲು ಬಂದವರು ಗಿರಿಜಾಂಬಾ. ಮೇಷ್ಟರಾಗಿದ್ದವರ ಹೆಂಡತಿ, ಮೂವತ್ತು ವರ್ಷದಿಂದ ಇದೇ ಅಂಗಡಿಯ ಗಿರಾಕಿ. ಈ ಮೂವತ್ತು ವರ್ಷದಲ್ಲಿ ಒಂದು ಎಸಳು ಕರಿಬೇವನ್ನೂ ದುಡ್ಡು ಕೊಟ್ಟು ಕೊಂಡವರಲ್ಲ. ಬೂದುಗುಂಬಳ ತೂಗಿಸಿ, ಚೀಲ ಬಾಯ್ತೆರೆದು ಹಿಡಿದು ನಿಂತರು. ಮುನಿರಾಜ್ ತನ್ನ ಎರಡೂ ಕೈಯನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು ಆಕಾಶ ನೋಡಿದ.

“ಏನಯ್ಯಾ, ಚಳೀನಾ?”

“ಇಲ್ಲಮ್ಮ.”

“ಮತ್ತೆ ಕರಿಬೇವು?”

“ಕರಿಬೇವು ಬೇಕಾದ್ರೆ ಬೇರೆ ತಗೋಬೇಕಮ್ಮ.”

ಗಿರಿಜಾಂಬಾ ಅವನ ಹಣೆ ಮುಟ್ಟಿ ನೋಡುವುದೊಂದು ಬಾಕಿ. ಹತ್ತು ಗಂಟೆಯೊಳಗೆ ಅಡ್ಡರಸ್ತೆಗೆಲ್ಲ ಸುದ್ದಿ. ಮುನಿರಾಜನಿಗೆ ಮೈಯಲ್ಲಿ ಹುಷಾರಿಲ್ಲವಂತೆ. ಅಲ್ಲ, ಅಂಗಡಿ ಮಾರುತ್ತಾನಂತೆ. ಅಲ್ಲ, ಯಾವನೋ ಮಾಟ ಮಾಡಿಸಿದ್ದಾನಂತೆ. ಶನಿವಾರ ಇಬ್ಬರು ಗಿರಾಕಿಗಳು ಎದುರಿನ ತಳ್ಳುಗಾಡಿಗೆ ಹೋದರು. ಭಾನುವಾರ ಆರು ಜನ. ಧನಲಕ್ಷ್ಮಿ ಸೊಂಟಕ್ಕೆ ಕೈಯಿಟ್ಟು ನಿಂತಳು.

“ಎದುರ್ಗಡೆಯವ್ನಿಗೆ ವ್ಯಾಪಾರ ಮಾಡಿಕೊಡೋಕೆ ಅಂತ್ಲೇ ಗಿಟಾರ್ ಕಲಿತ್ರಾ?”

ಮುತ್ಯಾಲಮ್ಮ ಮಣೆಯನ್ನು ಎತ್ತಿಕೊಂಡು ಬಂದು ಅಂಗಡಿಯ ಬಾಗಿಲ ಬಳಿ ಹಾಕಿಕೊಂಡು ಕೂತಳು. ಮಗ ಖಡಕ್ಕಾಗಿ ತೂಗಿ ಕೊಟ್ಟ ಚೀಲ ಹೊರಗೆ ಹೋಗುವಾಗ ಅವಳ ಸೆರಗಿನೊಳಗಿಂದ ಒಂದು ಕೈ ಬಂದು ಕರಿಬೇವು ತುರುಕುತ್ತಿತ್ತು. ಮಗ ಒಂದು ಕಡ್ಡಿ ಉಳಿಸಿದರೆ ತಾಯಿ ನಾಲ್ಕು ಕಡ್ಡಿ ಹಂಚಿದಳು. ಬುಧವಾರದ ಹೊತ್ತಿಗೆ ಹೋದ ಗಿರಾಕಿಗಳೆಲ್ಲ ವಾಪಸ್ಸು ಬಂದು, ಕರಿಬೇವು ಮಾತ್ರ ಎರಡು ಪಟ್ಟು ಖರ್ಚಾಗತೊಡಗಿದ್ದು ಯಾಕೆಂದು ಮುನಿರಾಜನಿಗೆ ತಿಳಿಯಲಿಲ್ಲ.

ಗಿರಿಜಾಂಬಾ ಮಾತ್ರ ಬಾಗಿಲಿನ ಕರಿಬೇವಿಗೆ ಒಲಿಯುವವರಲ್ಲ. ಕಾರಣ ಹೇಳು ಅಂತ ಪಟ್ಟು ಹಿಡಿದು, ಅವನ ಬಾಯಿಂದ ಎಲ್ಲ ಹೊರಡಿಸಿದರು.

“ಗಿಟಾರಿಗೂ ನನ್ನ ಸಾರಿನ ಒಗ್ಗರಣೆಗೂ ಎತ್ತಣಿಂದೆತ್ತ ಸಂಬಂಧ ಕಟ್ಟಿದೆಯಯ್ಯಾ ನೀನು! ಎಲ್ಲಿ ಅದು ಭಾನುವಾರ? ಬಸವನಗುಡೀನಾ? ಬರ್ತೀನಿ. ನನ್ನ ಕರಿಬೇವು ನುಂಗಿದ ಆ ಗಿಟಾರನ್ನ ಕಣ್ಣಾರೆ ನೋಡ್ಬೇಕು.”

ಗುರುವಾರದ ಅಭ್ಯಾಸದಲ್ಲಿ ಮುನಿರಾಜ್ ಹಲ್ಲು ಕಚ್ಚಿಕೊಂಡು ಬಾರಿಸಿದ. ಹನ್ನೆರಡು. ಕೈ ನಿಂತಿತು. ಶಿವರಂಜಿನಿ ಎಲ್ಲೂ ತಗುಲದೆ ತನ್ನ ಸರದಿಗೆ ಬಂದಳು. ಅವನು ಗೆದ್ದ ಮುಖದಲ್ಲಿ ಗುರುಗಳನ್ನು ನೋಡಿದ.

“ಲೆಕ್ಕ ಸರಿ,” ಅಂದರು ಬದರೀನಾರಾಯಣರು. “ಆದ್ರೆ ರೇಷನ್ ಅಂಗಡಿ ಥರ ಇದೆ. ಅಡ್ಡರಸ್ತೆ ಎಲ್ಲಿ? ಕಾಂಪೌಂಡೆಲ್ಲಿ? ಹಿಂಗೆ ಬಾರಿಸೋದಾದ್ರೆ ಸರದಿ ಇದ್ರೂ ಒಂದೇ, ಇಲ್ದಿದ್ರೂ ಒಂದೇ. ಭಾನುವಾರ ಹನ್ನೆರಡೂ ಇರ್ಬೇಕು, ಜೀವಾನೂ ಇರ್ಬೇಕು.”

ಶುಕ್ರವಾರ ಮಧ್ಯಾಹ್ನ ಮುನಿರಾಜ್ ಗಿಟಾರ್ ಮುಟ್ಟಲಿಲ್ಲ. ಈರುಳ್ಳಿ ಮೂಟೆಗೆ ಒರಗಿ ಕೂತು, ತಾಯಿ ಅವರೆಕಾಳು ಅಳೆಯುವುದನ್ನು ಸುಮ್ಮನೆ ನೋಡುತ್ತಿದ್ದ. ಅವರೆಯ ಕಾಲ. ಸುಲಿದ ಕಾಳನ್ನು ಮುತ್ಯಾಲಮ್ಮ ಇವತ್ತಿಗೂ ತಕ್ಕಡಿಯಲ್ಲಿ ತೂಗುವುದಿಲ್ಲ, ತನ್ನ ಹಳೇ ಹಿತ್ತಾಳೆ ಪಾವಿನಲ್ಲೇ ಅಳೆಯುತ್ತಾಳೆ.

“ಏನೋ, ಮುಖ ಬದನೆಕಾಯಿ ಆಗಿದೆ?”

ಅವನು ಹೇಳಿಕೊಂಡ. ಜಾಸ್ತಿ ಕೊಟ್ಟರೆ ತಪ್ಪು, ಕೊಡದಿದ್ದರೆ ಸಪ್ಪೆ. ಮುತ್ಯಾಲಮ್ಮ ಪೂರ್ತಿ ಕೇಳಿದಳು. ಕೇಳಿ, ಪಾವಿಗೆ ಕಾಳು ತುಂಬಿದಳು. ಅಂಚಿನ ತನಕ ಬಂದ ಮೇಲೆ ಎಡಗೈಯನ್ನು ಬೇಲಿಯ ಹಾಗೆ ಸುತ್ತ ಹಿಡಿದು, ಬಲಗೈಯಿಂದ ಇನ್ನೂ ಹಾಕಿದಳು, ಇನ್ನೂ ಹಾಕಿದಳು. ಪಾವಿನ ಮೇಲೆ ಗೋಪುರ ಎದ್ದಿತು. ಒಂದು ಕಾಳು ಕೆಳಗೆ ಬೀಳಲಿಲ್ಲ.

“ಎಷ್ಟು ಪಾವು ಇದು?”

“ಒಂದು.”

“ಲಾಭ ಅನ್ನೋ. ಎಷ್ಟಾದ್ರೂ ಒಂದೇ ಪಾವು ತಾನೇ? ಕೊಸರು ಪಾವಿನ ಮೇಲೇ ಕೂತಿದೆ. ನಾನು ಯಾವತ್ತಾದ್ರೂ ಅಳೆದು ಚೀಲಕ್ಕೆ ಸುರಿದು, ಆಮೇಲೆ ಗಿರಾಕಿ ಹಿಂದೆ ಓಡ್ಹೋಗಿ ‘ಅಮ್ಮಾ ಇನ್ನೆರಡು ಕಾಳಿದೆ ತಗೊಳಿ’ ಅಂತ ಕೊಟ್ಟಿದೀನಾ? ಅದು ನೀನು ತಕ್ಕಡಿ ತಂದ ಮೇಲೆ ಕಲಿತ ಬುದ್ಧಿ. ತಕ್ಕಡೀಲಿ ಗುಡ್ಡೆ ಏರಲ್ಲ, ಅದಕ್ಕೇ ಮೇಲಿಂದ ಹಾಕ್ತೀಯಾ. ಕೊಡೋದನ್ನ ಅಳತೆ ಒಳಗೇ ಕೊಡು.”

ಮುನಿರಾಜ್ ತುಂಬ ಹೊತ್ತು ಆ ಗೋಪುರವನ್ನೇ ನೋಡಿದ. ಆಮೇಲೆ ಎದ್ದು ಗಿಟಾರ್ ತೆಗೆದುಕೊಂಡ. ಆ ದಿನ ನಾಲ್ಕು ಗಂಟೆಗೆ ಬಂದ ಗಿರಾಕಿಗಳು ಐದು ಗಂಟೆಯ ತನಕ ಕಾಯಬೇಕಾಯಿತು.

ಭಾನುವಾರ ಸಾಯಂಕಾಲ ಬಸವನಗುಡಿಯ ತಾರಸಿಯಲ್ಲಿ ನಲವತ್ತು ಪ್ಲಾಸ್ಟಿಕ್ ಕುರ್ಚಿ. ಮುಂದಿನ ಸಾಲಿನಲ್ಲಿ ರೇಷ್ಮೆ ಸೀರೆ ಉಟ್ಟು, ಕೈಚೀಲ ತೊಡೆಯ ಮೇಲಿಟ್ಟುಕೊಂಡು ಗಿರಿಜಾಂಬಾ. ಅವರ ಪಕ್ಕ ಧನಲಕ್ಷ್ಮಿ, ಅವಳ ಪಕ್ಕ ಮುತ್ಯಾಲಮ್ಮ. ಮುನಿರಾಜ್ ಇಸ್ತ್ರಿ ಮಾಡಿದ ಬಿಳೀ ಷರಟು ಹಾಕಿದ್ದ. ಬೆನ್ನಿನ ಮೇಲೆ ಅದು ಆಗಲೇ ಒದ್ದೆ.

ಗುರುಗಳ ಸರದಿ ಮುಗಿಯಿತು. ಇವನ ಸರದಿ. ಮೊದಲ ನಾಲ್ಕು ಕಟ್ಟು ಮೇನ್ ರೋಡಿನಲ್ಲೇ ನಡೆದ. ಐದರಲ್ಲಿ ಅಡ್ಡರಸ್ತೆಗೆ ತಿರುಗಿದ. ಎಂಟರಲ್ಲಿ ಕಾಲು ನೆಲ ಬಿಟ್ಟಿತು. ಹತ್ತು, ಹನ್ನೊಂದು, ಎಡಗೈ ಬೇಲಿ ಹಿಡಿದು ಗುಡ್ಡೆ ಏರಿಸಿದ. ಹನ್ನೆರಡನೆಯದಕ್ಕೆ ಮೂರು ಕಟ್ಟಿನ ಸೊಪ್ಪನ್ನು ಒಂದೇ ನಾರಿನಲ್ಲಿ ಬಿಗಿದ ಹಾಗೆ ಸ್ವರದ ಮೇಲೆ ಸ್ವರ ಪೇರಿಸಿ, ಕೊನೆಯ ಎಣಿಕೆಗೆ ಸರಿಯಾಗಿ ಮನೆಗೆ ಬಂದು ಇಳಿದ. ಇಳಿದವನೇ ಬಲಗೈಯನ್ನು ತೊಡೆಯ ಮೇಲೆ ಒತ್ತಿ ಹಿಡಿದ. ಹನ್ನೆರಡು. ಮುಗಿಯಿತು.

ಈಗ ಶಿವರಂಜಿನಿ ಬರಬೇಕು. ಶಿವರಂಜಿನಿ ಬರಲಿಲ್ಲ. ಡ್ರಮ್ಮು ನಿಂತಿತ್ತು. ಗುರುಗಳ ಗಿಟಾರೂ ನಿಂತಿತ್ತು. ತಾರಸಿಯ ಮೇಲೆ ನಾಲ್ಕು ವಾದ್ಯ, ನಾಲ್ಕು ಜನ, ಸದ್ದಿಲ್ಲ. ಕೆಳಗೆ ಯಾರೋ ಗೇಟು ಹಾಕಿದ್ದು ಕೇಳಿಸಿತು. ಮುನಿರಾಜನ ಎದೆಯಲ್ಲಿ ಎಣಿಕೆ ತಾನಾಗಿ ನಡೆಯುತ್ತಿತ್ತು: ಲಾಭ, ಎರಡು...

“ಏನಯ್ಯಾ, ಅಷ್ಟೇನಾ?” ಅಂದರು ಮುಂದಿನ ಸಾಲಿನಿಂದ ಗಿರಿಜಾಂಬಾ.

ಜನ ಹೋ ಎಂದು ನಕ್ಕರು. ಮುನಿರಾಜನ ಬಲಗೈಗೆ ಆ ದನಿ ಚೆನ್ನಾಗಿ ಗೊತ್ತು. ನಾಲ್ಕನೇ ಎಣಿಕೆಗೆ ಅದು ತೊಡೆಯಿಂದ ಚಿಮ್ಮಿ, ಒಂದೇ ಒಂದು ಸಲ, ಮೆತ್ತಗೆ, ತಂತಿ ಮೀಟಿತು. ಅದನ್ನು ಹಿಡಿದುಕೊಂಡೇ ಶಿವರಂಜಿನಿ ತನ್ನ ಸರದಿಗೆ ಹಾರಿದಳು, ಡ್ರಮ್ಮು ಎದ್ದಿತು, ಹಾಡು ಓಡಿತು.

ಚಪ್ಪಾಳೆಯೆಲ್ಲ ಮುಗಿದು ಕಾಫಿ ಬರುವ ಹೊತ್ತಿಗೆ ಮುನಿರಾಜ್ ಒಂದು ಮೂಲೆಯಲ್ಲಿ ಗಿಟಾರ್ ತಬ್ಬಿಕೊಂಡು, ಶಿಕ್ಷೆ ಕೇಳಲು ನಿಂತವನ ಹಾಗೆ ನಿಂತಿದ್ದ. ಬದರೀನಾರಾಯಣರು ಮೂವರನ್ನೂ ಕರೆದರು.

“ಮಧ್ಯದಲ್ಲಿ ಖಾಲಿ ಬಿಟ್ಟವರು ಯಾರು?”

ಶಿವರಂಜಿನಿ ಕಾಲ್ಬೆರಳಿನಿಂದ ನೆಲ ಕೆರೆದಳು. “ಸಾರ್... ಅಂಕಲ್ ಹೆಂಗಿದ್ರೂ ಹದಿಮೂರು ಬಾರಿಸ್ತಾರೆ, ಜನರೆದುರು ಅವಮಾನ ಆಗ್ಬಾರ್ದು ಅಂತ ನಾನು ಒಂದು ಜಾಗ ಬಿಟ್ಟಿದ್ದೆ.”

“ನಾನೂ ಬಿಟ್ಟಿದ್ದೆ ಸಾರ್,” ಅಂದ ಸ್ವರೂಪ್.

ಗುರುಗಳು ಕನ್ನಡಕ ತೆಗೆದು ಪಂಚೆಯ ಅಂಚಿನಲ್ಲಿ ಒರೆಸಿದರು. ಒರೆಸಿದ್ದನ್ನೇ ಒರೆಸಿದರು. “ನಾನೂ ಬಿಟ್ಟಿದ್ದೆ,” ಅಂದರು ಕೊನೆಗೆ. “ಸರಿಯಾಗಿ ಇಳಿದವರು ನೀವೊಬ್ರೇ ಮುನಿರಾಜು.”

“ಹಾಗಾದ್ರೆ ನನ್ನ ಸರದಿ ಸಾರ್?”

“ನಿಮ್ದೇ. ಇನ್ಮೇಲೆ ಅದರ ಮಾತೆತ್ತಲ್ಲ. ಗುರುವಾರ ಬನ್ನಿ, ಎಣಿಸೋ ಪಾಠ ಇದೆ. ನಿಮ್ಗಲ್ಲ, ನಮ್ಗೆ.”

ಗಿರಿಜಾಂಬಾ ಕಾಫಿ ಲೋಟ ಹಿಡಿದುಕೊಂಡೇ ಬಂದು ಗಿಟಾರನ್ನು ಮೇಲಿಂದ ಕೆಳಗೆ ನೋಡಿದರು. “ಚೆನ್ನಾಗಿತ್ತೋ ಇಲ್ವೋ ನಂಗೇನೂ ಗೊತ್ತಾಗ್ಲಿಲ್ಲಪ್ಪ. ಆದ್ರೆ ನಡುವೆ ಒಂದ್ಕಡೆ ಎದೆ ಧಸಕ್ ಅಂತು ನೋಡು, ಇವ್ನು ಎಲ್ಲಿ ಬಿದ್ಬಿಡ್ತಾನೋ ಅಂತ.”

ಮುನಿರಾಜ್ ಗಿಟಾರನ್ನು ಗೋಡೆಗೆ ಒರಗಿಸಿದ. “ಕಾಫಿ ಇನ್ನೊಂದು ಲೋಟ ತಗೊಳಿ ಅಮ್ಮ,” ಅಂದ.

ಸೋಮವಾರ ಬೆಳಗಿನ ಜಾವ ಎಂದಿನಂತೆ ಕಲಾಸಿಪಾಳ್ಯದಿಂದ ಗೂಡ್ಸ್ ಆಟೋ ಬಂತು. ಧನಲಕ್ಷ್ಮಿ ಅಂಗಡಿಯ ಮುಂದೆ ನೀರು ಹಾಕಿ ಗುಡಿಸಿದ್ದಳು.

“ಗುರುವಾರ ಎಷ್ಟೊತ್ತಿಗೆ ಹೋಗ್ಬೇಕು ನೀವು?”

“ನಾಲ್ಕಕ್ಕೆ.”

“ನಾನು ಅವತ್ತು ಸಂಜೆ ಅಂಗಡೀಲಿ ಇರ್ತೀನಿ ಬಿಡಿ. ಈಗ ಮೊದ್ಲು ಆ ಟೊಮ್ಯಾಟೊ ಬೇರೆ ಮಾಡಿ, ಕೆಳಗಡೆದು ನೀರೊಡೀತಿದೆ.”

ಮುನಿರಾಜ್ ಕ್ರೇಟನ್ನು ಗೋಣಿಯ ಮೇಲೆ ಬೋರಲು ಹಾಕಿ, ಕುಕ್ಕರಗಾಲಿನಲ್ಲಿ ಕೂತು, ಗಟ್ಟಿಯವನ್ನು ಬಲಗಡೆಗೆ, ಹಣ್ಣಾದವನ್ನು ಎಡಗಡೆಗೆ ಹಾಕತೊಡಗಿದ. ಒಡೆದವನ್ನು ಹಸುವಿಗೆಂದು ಇಟ್ಟ ಬಕೆಟ್ಟಿಗೆ ಹಾಕಿದ.